ಊರ ಬೋರಿಂಗಿನ ಚರಿತ್ರೆ: ಸೊಲ್ಲಾಪುರದ ಚೈನು, ಮದ್ರಾಸಿನ ಕಾರ್ಖಾನೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.

ನಮ್ಮೆಲ್ಲರ ಫೋನಿಗೂ ಒಂದು ಥರದ ವಿಡಿಯೋ ಬರ್ತಾನೇ ಇರುತ್ತೆ. ಹಳೇ ಸೈಕಲ್ಲಿನಲ್ಲಿ ಕಳೆ ತೆಗೆಯೋ ಸಾಧನ ಮಾಡಿದ ರೈತ, ಬೈಕಿನ ಇಂಜಿನ್ನಿಗೆ ನೇಗಿಲು ಕಟ್ಟಿದ ಹುಡುಗ, ಪ್ರೆಷರ್ ಕುಕ್ಕರಿನ ಹಬೆಯಲ್ಲಿ ಕಾಫಿ ಮಾಡಿ ಮಾರೋ ಅಂಗಡಿಯವ. ‘ಜುಗಾಡ್’ ಅಂತ ಹೆಸರು. ನೋಡಿ ಖುಷಿಪಡ್ತೇವೆ, ‘ನಮ್ಮ ಜನರ ತಲೆಗೆ ಸಾಟಿ ಇಲ್ಲ’ ಅಂತ ಬರೆದು ಮುಂದಕ್ಕೆ ಕಳಿಸ್ತೇವೆ. ಅಲ್ಲಿಗೆ ಮುಗೀತು. ಆ ಕಳೆ ತೆಗೆಯೋ ಸಾಧನ ಮುಂದಿನ ವರ್ಷವೂ ಓಡ್ತಿದೆಯಾ, ಪಕ್ಕದ ಊರಿನವರಿಗೂ ಸಿಕ್ಕಿತಾ, ಮಾಡಿದವನಿಗೆ ಏನಾದರೂ ಬಂತಾ ಅಂತ ಯಾರೂ ಕೇಳಲ್ಲ.

ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವಂಥ ಒಂದು ವಸ್ತು ನಮ್ಮ ದೇಶದಲ್ಲಿದೆ. ನೀವು ನೋಡಿದ್ದೀರಿ, ಬಹುಶಃ ಒತ್ತಿ ನೀರೂ ಕುಡಿದಿದ್ದೀರಿ. ಊರ ಶಾಲೆಯ ಮುಂದೆ, ದೇವಸ್ಥಾನದ ಪಕ್ಕ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮೂರು ಕಾಲೂರಿ ನಿಂತಿರೋ, ಉದ್ದ ಕಬ್ಬಿಣದ ಹಿಡಿ ಇರೋ ಕೈಪಂಪು. ನಮ್ಮ ಕಡೆ ಕೆಲವರು ‘ಬೋರಿಂಗು’ ಅಂತಾರೆ, ಕೆಲವರು ಬರೀ ‘ಬೋರು’ ಅಂತಾರೆ. ಅದರ ನಿಜವಾದ ಹೆಸರು ‘ಇಂಡಿಯಾ ಮಾರ್ಕ್ 2’. ಅದರ ಚರಿತ್ರೆಯಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರ ಇದೆ, ನಾನೀಗ ಇರೋ ಚೆನ್ನೈ ಇದೆ, ಕರ್ನಾಟಕದ ಒಬ್ಬ ಮಂತ್ರಿಯೂ ಇದ್ದಾರೆ.

ಎರಡು ಥರದ ಪಂಪು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಚೆನ್ನೈನ ಹಳೇ ಬಡಾವಣೆಗಳಲ್ಲಿ, ತಿರುವಲ್ಲಿಕ್ಕೇಣಿ, ಮೈಲಾಪುರ, ಉತ್ತರ ಚೆನ್ನೈನ ಗಲ್ಲಿಗಳಲ್ಲಿ ಓಡಾಡಿದರೆ ಮನೆ ಬಾಗಿಲಲ್ಲೇ ಮೊಣಕಾಲೆತ್ತರದ ಒಂದು ಸಣ್ಣ ಪಂಪು ಕಾಣುತ್ತೆ. ತಮಿಳಿನಲ್ಲಿ ‘ಅಡಿ ಪಂಪು’ ಅಂತಾರೆ. ಬಹಳ ಕಡೆ ಅದರ ಕೆಳಗೆ ಬಾವಿಯೂ ಇಲ್ಲ, ಬೋರೂ ಇಲ್ಲ. ಅದನ್ನು ಜೋಡಿಸಿರೋದು ಮೆಟ್ರೋವಾಟರ್‌ನವರ ಕೊಳಾಯಿ ಪೈಪಿಗೆ! ಪೈಪಿನಲ್ಲಿ ನೀರು ಇರುತ್ತೆ, ಆದರೆ ನಲ್ಲಿ ಹತ್ತಿ ಬರುವಷ್ಟು ಒತ್ತಡ ಇರಲ್ಲ. ಹಾಗಾಗಿ ಜನ ಪಂಪು ಹಾಕಿ ಎಳ್ಕೋತಾರೆ. ಅಪ್ಪಟ ಜುಗಾಡ್ ಇದು.

ಈ ಸಣ್ಣ ಪಂಪು ಕೆಲಸ ಮಾಡೋದು ಹೀರುವ ತತ್ವದ ಮೇಲೆ. ನಾವು ಸ್ಟ್ರಾನಲ್ಲಿ ಎಳನೀರು ಹೀರಿದ ಹಾಗೆ. ಇದಕ್ಕೆ ಪ್ರಕೃತಿಯೇ ಹಾಕಿದ ಒಂದು ಮಿತಿ ಇದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳಬಲ್ಲದ್ದು ಹೆಚ್ಚೆಂದರೆ ಹತ್ತು ಮೀಟರು ಚಿಲ್ಲರೆ. ವ್ಯವಹಾರದಲ್ಲಿ ಏಳೆಂಟು ಮೀಟರಿಗೇ ಸುಸ್ತು.

ಸೊಲ್ಲಾಪುರ, ವಿಜಯಪುರ, ರಾಯಚೂರು, ಕೋಲಾರದ ಕಡೆ ನೀರು ಅಷ್ಟು ಮೇಲೆ ಎಲ್ಲಿ ಸಿಗುತ್ತೆ? ದಖ್ಖನ್ ಅಂದರೆ ಗಟ್ಟಿ ಬಂಡೆ. ಬಂಡೆಯ ಬಿರುಕಿನಲ್ಲಿ, ಮೂವತ್ತು ನಲವತ್ತು ಮೀಟರ್ ಆಳದಲ್ಲಿ ನೀರು. ಅಲ್ಲಿಂದ ಎತ್ತಬೇಕಾದರೆ ಪಂಪಿನ ಸಿಲಿಂಡರನ್ನೇ ನೀರೊಳಗೆ ಇಳಿಸಬೇಕು, ಮೇಲಿಂದ ಉದ್ದನೆಯ ಸರಳು ಬಿಟ್ಟು ಅದರೊಳಗಿನ ಪಿಸ್ಟನ್ ಎಳೀಬೇಕು. ಮಾರ್ಕ್ 2 ಈ ಜಾತಿಯದ್ದು.

ಬೋರು ಕೊರೆದರು, ಪಂಪು ಮುರೀತು

1966-67ರಲ್ಲಿ ಬಿಹಾರದಲ್ಲಿ ದೊಡ್ಡ ಬರ ಬಂತು. ಆ ಹೊತ್ತಿಗೆ ಯುನಿಸೆಫ್ ಸಂಸ್ಥೆ ಭಾರತಕ್ಕೆ ಹೊಸ ಥರದ ಡ್ರಿಲ್ಲಿಂಗ್ ಯಂತ್ರಗಳನ್ನು ತಂದಿತು. ಗಾಳಿಯ ಒತ್ತಡದಲ್ಲಿ ಬಡಿಯುತ್ತಾ ಬಂಡೆ ಕೊರೆಯೋ ಯಂತ್ರಗಳು. ಅಲ್ಲಿವರೆಗೆ ಗಟ್ಟಿ ಬಂಡೆಯಲ್ಲಿ ಬಾವಿ ತೋಡೋದು ಅಂದರೆ ಸಿಡಿಮದ್ದು, ಹಾರೆ, ತಿಂಗಳುಗಟ್ಟಲೆ ಕೆಲಸ. ಈ ಯಂತ್ರ ಬಂದಮೇಲೆ ಒಂದೆರಡು ದಿನದಲ್ಲಿ ಬೋರು ತಯಾರು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡುಗಳ ಬಂಡೆ ನೆಲಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 1972ರ ಬರದ ಹೊತ್ತಿಗೆ ಊರೂರಲ್ಲಿ ಬೋರು.

ಸರಿ, ರಂಧ್ರ ಕೊರೆದಾಯ್ತು. ಮೇಲೆ ಏನು ಕೂರಿಸಿದರು? ಎರಕದ ಕಬ್ಬಿಣದ ಕೈಪಂಪು. ಅಮೆರಿಕ, ಯುರೋಪಿನ ತೋಟದ ಮನೆಗಳಲ್ಲಿ ಬಳಸ್ತಿದ್ದ ಪಂಪುಗಳ ನಕಲು. ಆ ಪಂಪು ಹುಟ್ಟಿದ್ದೇ ಒಂದು ಮನೆಗೆ. ಗಂಡ, ಹೆಂಡತಿ, ಮಕ್ಕಳು, ನಾಲ್ಕು ದನ.

ಇಲ್ಲೊಂದು ಲೆಕ್ಕ ಹಾಕೋಣ. ಭಾರತದಲ್ಲಿ ಮುಂದೆ ಒಪ್ಪಿಕೊಂಡ ಮಾನದಂಡದ ಪ್ರಕಾರ 250 ಜನಕ್ಕೆ ಒಂದು ಕೈಪಂಪು, ತಲೆಗೆ ದಿನಕ್ಕೆ 40 ಲೀಟರ್. ಅಂದರೆ ದಿನಕ್ಕೆ 10,000 ಲೀಟರ್. ಮಾರ್ಕ್ 2 ಪಂಪಿನಲ್ಲಿ ನಲವತ್ತು ಸಲ ಒತ್ತಿದರೆ ಸುಮಾರು 15 ಲೀಟರ್, ಅಂದರೆ ಹೆಚ್ಚುಕಮ್ಮಿ ಒಂದು ಕೊಡ. ಹಾಗಾದರೆ 10,000 ಲೀಟರಿಗೆ ದಿನಕ್ಕೆ 26,000ಕ್ಕೂ ಹೆಚ್ಚು ಸಲ ಒತ್ತಬೇಕು. ನಿಮಿಷಕ್ಕೆ ನಲವತ್ತರಂತೆ ಬಿಡುವಿಲ್ಲದೆ ಒತ್ತಿದರೂ ಹನ್ನೊಂದು ಗಂಟೆ. ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಕೋಟಿಗೆ ಹತ್ತಿರ ಬರುತ್ತೆ. ಒಂದು ಪಂಪಿಗೆ, ಒಂದು ವರ್ಷದಲ್ಲಿ, ಕೋಟಿ ಏಟು!

ತೋಟದ ಮನೆಯ ಪಂಪು ಇದನ್ನು ತಡ್ಕೊಳ್ಳುತ್ತಾ? ಅದರಲ್ಲಿ ಹಿಡಿಯಿಂದ ಸರಳಿನವರೆಗೆ ಹಲವಾರು ಕೀಲು. ಪ್ರತಿ ಕೀಲಿಗೂ ಒಂದು ಪಿನ್ನು, ಒಂದು ರಂಧ್ರ. ಪಿನ್ನು ಸವೆದು ರಂಧ್ರ ಮೊಟ್ಟೆ ಆಕಾರಕ್ಕೆ ತಿರುಗುತ್ತೆ, ಹಿಡಿ ಅಲ್ಲಾಡುತ್ತೆ, ಕೊನೆಗೆ ಒಂದು ದಿನ ಎರಕದ ಕಬ್ಬಿಣ ಫಟ್ ಅಂತ ಮುರಿಯುತ್ತೆ. ಎರಕದ ಕಬ್ಬಿಣವನ್ನು ಹಳ್ಳಿಯಲ್ಲಿ ವೆಲ್ಡಿಂಗ್ ಮಾಡೋದೂ ಕಷ್ಟ. 1974ರಲ್ಲಿ ಯುನಿಸೆಫ್ ಸಮೀಕ್ಷೆ ಮಾಡಿದಾಗ ಪಂಪುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು. ಕೆಳಗೆ ನೀರಿದೆ, ಮೇಲೆ ಸರ್ಕಾರದ ದಾಖಲೆಯಲ್ಲಿ ‘ಕಾಮಗಾರಿ ಪೂರ್ಣ’ ಅಂತಿದೆ, ಹೆಂಗಸರು ಮಾತ್ರ ಮತ್ತೆ ಕೊಡ ಹೊತ್ತು ಕೆರೆಗೆ ಹೋಗ್ತಿದ್ದಾರೆ.

ಜಾಲ್ನಾ, ಸೊಲ್ಲಾಪುರ

ಇದಕ್ಕೆ ಪರಿಹಾರ ದೆಹಲಿಯಲ್ಲೂ ಹುಟ್ಟಲಿಲ್ಲ, ನ್ಯೂಯಾರ್ಕಿನಲ್ಲೂ ಹುಟ್ಟಲಿಲ್ಲ. ಮಹಾರಾಷ್ಟ್ರದ ಬರದ ಜಿಲ್ಲೆಗಳಲ್ಲಿ ಕ್ರೈಸ್ತ ಮಿಷನ್‌ಗಳು ಬಾವಿ ತೋಡುವ ಕೆಲಸ ಮಾಡ್ತಿದ್ದವು. ಅವರ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಮುರಿದ ಪಂಪುಗಳ ರಾಶಿ ಬಿದ್ದಿರ್ತಿತ್ತು. ರಿಪೇರಿ ಮಾಡೀ ಮಾಡೀ ಬೇಸತ್ತವರೇ ಬೇರೆ ದಾರಿ ಹುಡುಕಿದರು. ಜಾಲ್ನಾದಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಮಿಷನ್‌ನವರು ಎರಕದ ಕಬ್ಬಿಣ ಬಿಟ್ಟು ಉಕ್ಕಿನಲ್ಲಿ ಪಂಪು ಮಾಡಿದರು. ಅದರಿಂದ ಮುಂದುವರಿದದ್ದು ಸೊಲ್ಲಾಪುರದ ಪಂಪು.

ಸೊಲ್ಲಾಪುರ ಅಂದರೆ ನಮಗೆ ದೂರದ್ದಲ್ಲ. ಅಲ್ಲಿ, ಪಕ್ಕದ ಅಕ್ಕಲಕೋಟೆಯಲ್ಲಿ ಇವತ್ತಿಗೂ ಮನೆಮಾತು ಕನ್ನಡ ಇರೋ ಎಷ್ಟೋ ಕುಟುಂಬಗಳಿವೆ. ಅದು ಹನ್ನೆರಡನೇ ಶತಮಾನದ ಸಿದ್ಧರಾಮನ ಸೊನ್ನಲಿಗೆ. ಬರದ ನಾಡಿನಲ್ಲಿ ಕೆರೆ ಕಟ್ಟಿಸೋದನ್ನೇ ಕಾಯಕ ಮಾಡಿಕೊಂಡಿದ್ದ ವಚನಕಾರ ಸಿದ್ಧರಾಮ. ಅದೇ ಊರಿನಲ್ಲಿ ಎಂಟುನೂರು ವರ್ಷ ಕಳೆದಮೇಲೆ ಮತ್ತೆ ನೀರಿನದ್ದೇ ಉಪಾಯ.

ಸೊಲ್ಲಾಪುರದ ಪಂಪಿನಲ್ಲಿ ಇದ್ದ ಐಡಿಯಾ ಏನು? ಹಲವು ಕೀಲುಗಳನ್ನು ತೆಗೆದು ಒಂದೇ ಕೀಲು ಇಟ್ಟರು. ಆ ಕೀಲಿಗೆ ಪಿನ್ನಿನ ಬದಲು ಮುಚ್ಚಿದ ಬಾಲ್ ಬೇರಿಂಗು, ಊರಿನವರು ಎಣ್ಣೆ ಹಾಕೋ ಅಗತ್ಯವೇ ಇಲ್ಲ. ಮುಂದೆ ಮಾರ್ಕ್ 2ರಲ್ಲಿ ಬಳಸಿದ್ದು 6204 ನಂಬರಿನ ಬೇರಿಂಗು. ವಾಷಿಂಗ್ ಮೆಷಿನ್ನು, ಸಣ್ಣ ಮೋಟರುಗಳಲ್ಲೆಲ್ಲ ಇರುವ, ಯಾವ ಪೇಟೆಯಲ್ಲೂ ಸಿಗುವ ಸೈಜು. ಇನ್ನು ಹಿಡಿಯನ್ನೂ ಸರಳನ್ನೂ ಸೇರಿಸಲು ಒಂದು ಚೈನು, ಬೈಕಿನ ಹಿಂದಿನ ಚಕ್ರ ತಿರುಗಿಸುತ್ತಲ್ಲ, ಆ ಜಾತಿಯದ್ದು. ಹಿಡಿಯ ತುದಿಯಲ್ಲಿ ಕಾಲು ಚಕ್ರದ ಆಕಾರದ ಒಂದು ತುಂಡು, ಅದರ ಅಂಚಿನ ಮೇಲೆ ಚೈನು ಸುತ್ತಿಕೊಳ್ಳುತ್ತೆ.

ಚೈನು ಯಾಕೆ? ಮಾಮೂಲಿ ಪಂಪಿನಲ್ಲಿ ಹಿಡಿಯ ತುದಿ ಕಮಾನಿನ ಹಾಗೆ ತಿರುಗುತ್ತೆ, ಸರಳನ್ನು ಪಕ್ಕಕ್ಕೆ ಎಳೆಯುತ್ತೆ. ಆ ಪಕ್ಕದ ಎಳೆತದಿಂದಲೇ ಎಲ್ಲ ಸವೆಯೋದು. ಕಾಲು ಚಕ್ರದ ಅಂಚಿನಿಂದ ಇಳಿದ ಚೈನು ಯಾವಾಗಲೂ ನೇರ ಮೇಲಕ್ಕೇ ಎಳೆಯುತ್ತೆ. ಆದರೆ ಒಂದು ತೊಡಕಿದೆ: ಚೈನು ಎಳೀಬಹುದು, ತಳ್ಳೋಕಾಗಲ್ಲ. ಹಾಗಾದರೆ ಪಿಸ್ಟನ್ ಕೆಳಗೆ ಇಳಿಯೋದು ಹೇಗೆ? ಮೂವತ್ತು ನಲವತ್ತು ಮೀಟರ್ ಉದ್ದದ ಉಕ್ಕಿನ ಸರಳಿನ ಭಾರಕ್ಕೆ ತಾನೇ ಇಳಿಯುತ್ತೆ. ನೀರು ಆಳದಲ್ಲಿರೋದು ನಮ್ಮ ಶಾಪ ಅಂತಿದ್ದೆವು. ಆ ಆಳವನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿದ್ದಾರೆ.

ಈ ಪಂಪು ಯಾರ ತಲೆಯಿಂದ ಬಂತು? ಕೆಲವು ಬರಹಗಳು ಮಿಷನ್‌ನ ವಿದೇಶಿ ಇಂಜಿನಿಯರನ್ನು ನೆನೆಯುತ್ತವೆ. ಇನ್ನು ಕೆಲವು ‘ತಾನೇ ಕಲಿತ ಒಬ್ಬ ಭಾರತೀಯ ಮೆಕ್ಯಾನಿಕ್’ ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗ್ತವೆ, ಹೆಸರಿಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಹೇಗೆ ನಡೆಯುತ್ತೆ ಅಂತ ಗೊತ್ತಿರೋರಿಗೆ ಎರಡೂ ಮಾತು ಒಟ್ಟಿಗೆ ನಿಜ ಆಗಬಹುದು ಅನ್ನೋದು ಗೊತ್ತು. ಒಬ್ಬರು ಕಾಗದದ ಮೇಲೆ ಗೆರೆ ಎಳೀತಾರೆ, ಇನ್ನೊಬ್ಬರು ‘ಸಾರ್, ಇಲ್ಲಿ ಪಿನ್ನು ಬೇಡ, ಚೈನು ಹಾಕೋಣ’ ಅಂತಾರೆ. ಪತ್ರ, ವರದಿ ಬರೆಯೋ ಕೈ ಮೊದಲನೆಯವರದ್ದು. ಚರಿತ್ರೆಯಲ್ಲಿ ಉಳಿಯೋದೂ ಅವರೇ.

ಮದ್ರಾಸಿಗೆ ಬಂದ ಪಂಪು

ಇಲ್ಲಿವರೆಗಿನದ್ದು ಒಂದು ಒಳ್ಳೆ ಜುಗಾಡ್ ಕತೆ. ಇಷ್ಟಕ್ಕೇ ನಿಂತಿದ್ದರೆ ಸೊಲ್ಲಾಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಒಳ್ಳೆ ಪಂಪು ಇರ್ತಿತ್ತು, ಅಷ್ಟೇ.

1970ರ ದಶಕದ ಮಧ್ಯದಲ್ಲಿ ಭಾರತ ಸರ್ಕಾರ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಕೂತು ಒಂದು ನಿರ್ಧಾರಕ್ಕೆ ಬಂದವು. ದೇಶದಲ್ಲಿ ಓಡ್ತಿರೋ ಪಂಪುಗಳಲ್ಲಿ ಹೆಚ್ಚು ಬಾಳಿಕೆ ಬರ್ತಿರೋದು ಸೊಲ್ಲಾಪುರದ್ದು, ಅದನ್ನೇ ಬುನಾದಿ ಮಾಡಿಕೊಳ್ಳೋಣ. ಬೇಕಾದ ಗುಣಗಳ ಪಟ್ಟಿಯೂ ತಯಾರಾಯ್ತು. ಸಾಧಾರಣ ವರ್ಕ್‌ಶಾಪಿನಲ್ಲಿ ತಯಾರಿಸುವ ಹಾಗಿರಬೇಕು. ಬೆಲೆ 200 ಡಾಲರ್ ಒಳಗಿರಬೇಕು. ಒಂದು ವರ್ಷ ಕೆಡದೆ ಓಡಬೇಕು. ಹೆಚ್ಚು ತರಬೇತಿ ಇಲ್ಲದವರೂ ನೋಡಿಕೊಳ್ಳುವ ಹಾಗಿರಬೇಕು.

ಈ ಪಟ್ಟಿಯನ್ನು ವಸ್ತುವಾಗಿ ಮಾಡಿದ್ದು ಮದ್ರಾಸಿನಲ್ಲಿ, ಸರ್ಕಾರಿ ಸ್ವಾಮ್ಯದ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿಯ ಘಟಕದಲ್ಲಿ. ಮುಂಬಯಿಯಲ್ಲಿ 1858ರಲ್ಲಿ ಶುರುವಾದ ಹಳೇ ಇಂಜಿನಿಯರಿಂಗ್ ಕಂಪನಿ ಇದು. ಇಲ್ಲಿ ಮೂಲಮಾದರಿಗಳು ತಯಾರಾದವು. ಪರೀಕ್ಷೆ ನಡೆದದ್ದು ಕೊಯಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ. ಅಲ್ಲಿ ನೀರು ಬಹಳ ಆಳ, ಬಳಸೋ ಜನ ಜಾಸ್ತಿ. ಪಂಪಿಗೆ ಎಷ್ಟು ಕಷ್ಟ ಕೊಡಬಹುದೋ ಅಷ್ಟೂ ಕೊಡೋ ಜಾಗ.

ಸೊಲ್ಲಾಪುರದ ಪಂಪಿಗೆ ಇಲ್ಲಿ ಆದ ಬದಲಾವಣೆಗಳು ನೋಡೋಕೆ ಸಣ್ಣವು. ಕಂಬದ ಮೂರು ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿದರು, ಬೋರಿನ ಕೇಸಿಂಗ್ ಪೈಪಿನ ಬಾಯಿ ಕಂಬದೊಳಗೆ ಸೇರುವ ಹಾಗೆ ಮಾಡಿದರು. ಸುತ್ತಲಿನ ಕೊಚ್ಚೆ ನೀರು ಮತ್ತೆ ಬೋರಿಗೆ ಇಳಿಯೋದು ತಪ್ಪಿತು. ಹಿಡಿಯನ್ನು ಗಟ್ಟಿ ಉಕ್ಕಿನ ಸರಳಿನಲ್ಲೇ ಮಾಡಿದರು. ಅದರ ಭಾರ ಆ ಕಡೆಯ ಸರಳುಗಳ ಭಾರವನ್ನು ತೂಗುತ್ತೆ. ಮೂವತ್ತು ಮೀಟರ್ ಆಳದಿಂದ ಎರಡೂವರೆ ಇಂಚಿನ ಸಿಲಿಂಡರಿನಲ್ಲಿ ನೀರೆತ್ತುವಾಗ ನೀರಿನ ಕಂಬದ ತೂಕವೇ ಸುಮಾರು 95 ಕಿಲೋ. ಹಿಡಿಯ ಅನುಪಾತ ಒಂದಕ್ಕೆ ಎಂಟು, ಹಾಗಾಗಿ ಕೈಗೆ ಬರೋದು ಹನ್ನೆರಡು ಕಿಲೋ ಚಿಲ್ಲರೆ. ಹತ್ತು ವರ್ಷದ ಹುಡುಗಿ ಹಿಡಿಗೆ ಜೋತುಬಿದ್ದು ನೀರು ತುಂಬಿಸ್ತಾಳಲ್ಲ, ಅದರ ಹಿಂದೆ ಇರೋ ಲೆಕ್ಕ ಇದು.

1977-78ರಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಶುರುವಾಯ್ತು. 1979ರಲ್ಲಿ ಭಾರತೀಯ ಮಾನಕ ಸಂಸ್ಥೆ, ಅಂದರೆ ಆಗಿನ ಐಎಸ್‌ಐ, ಇದಕ್ಕೆ ಐಎಸ್ 9301 ಅನ್ನೋ ಮಾನಕ ಪ್ರಕಟಿಸಿತು. ಪ್ರತಿ ಬೋಲ್ಟಿನ ಅಳತೆ, ಪ್ರತಿ ತಗಡಿನ ದಪ್ಪ ಅದರಲ್ಲಿದೆ. ಒಂದು ಕಾರ್ಖಾನೆಯ ಪಂಪಿನ ಚೈನು ಇನ್ನೊಂದು ಕಾರ್ಖಾನೆಯ ಪಂಪಿಗೆ ಸರಿಯಾಗಿ ಕೂರಲೇಬೇಕು. ಮತ್ತೆ ಬಹಳ ಮುಖ್ಯವಾದ ಮಾತು: ಇದಕ್ಕೆ ಪೇಟೆಂಟ್ ಇಲ್ಲ. ನಕ್ಷೆ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತಯಾರಿಸಬಹುದು, ಆದರೆ ಗುಣಮಟ್ಟದ ತಪಾಸಣೆ ದಾಟಬೇಕು. 1980ರ ದಶಕದ ಮಧ್ಯಕ್ಕೆ ಮೂವತ್ತಕ್ಕೂ ಹೆಚ್ಚು ತಯಾರಕರು ಇದ್ದರು, ವರ್ಷಕ್ಕೆ ಸುಮಾರು ಒಂದು ಲಕ್ಷ ಪಂಪು. ಅಲ್ಲಿಂದ ಆಫ್ರಿಕಾದ ದೇಶಗಳಿಗೂ ಹೋಯ್ತು. ನಮ್ಮ ಸಾಫ್ಟ್‌ವೇರ್ ಪ್ರಪಂಚದಲ್ಲಿ ಓಪನ್ ಸೋರ್ಸ್ ಅಂತ ಹೆಮ್ಮೆಯಿಂದ ಹೇಳ್ಕೋತೀವಿ. ಆ ಪದ ಹುಟ್ಟೋಕೆ ಇಪ್ಪತ್ತು ವರ್ಷ ಮೊದಲೇ ಕಬ್ಬಿಣದಲ್ಲಿ ಅದನ್ನ ಮಾಡಿಟ್ಟಿದ್ದರು.

ಪೋಸ್ಟ್ ಕಾರ್ಡಿನ ಕಾಲ

ಎಷ್ಟೇ ಒಳ್ಳೆ ಪಂಪಾದರೂ ಕೆಡುತ್ತೆ. ಪಿಸ್ಟನ್ನಿನ ಚರ್ಮದ ವಾಷರ್ ಸವೆಯುತ್ತೆ, ಪೈಪು ತುಕ್ಕು ಹಿಡಿಯುತ್ತೆ. ಕೆಟ್ಟಾಗ ಯಾರಿಗೆ ಹೇಳಬೇಕು?

ಇದಕ್ಕೆ ತಮಿಳುನಾಡು ಒಂದು ವ್ಯವಸ್ಥೆ ಮಾಡಿತು. 1976ರ ಸುಮಾರಿಗೆ ತಿರುನೆಲ್ವೇಲಿ ಜಿಲ್ಲೆಯಲ್ಲಿ ಪ್ರಯೋಗ ಶುರು. ಮೂರು ಹಂತ. ಊರಿನಲ್ಲಿ ಒಬ್ಬರು ಪಂಪು ನೋಡಿಕೊಳ್ಳೋರು, ಸಂಬಳ ಇಲ್ಲ, ಒಂದೆರಡು ದಿನದ ತರಬೇತಿ, ನಟ್ಟು ಬಿಗಿಮಾಡೋಕೆ ಸ್ಪ್ಯಾನರು. ಬ್ಲಾಕ್ ಮಟ್ಟದಲ್ಲಿ ಸುಮಾರು ನೂರು ಪಂಪಿಗೆ ಒಬ್ಬ ಮೆಕ್ಯಾನಿಕ್. ಜಿಲ್ಲಾ ಮಟ್ಟದಲ್ಲಿ ಲಾರಿ, ಪೈಪು ಎತ್ತೋ ಸಲಕರಣೆ ಇರೋ ತಂಡ. ಊರಿನವರ ಕೈಗೆ ಮೊದಲೇ ಅಚ್ಚು ಹಾಕಿದ, ಅಂಚೆ ವೆಚ್ಚ ಕಟ್ಟಿದ ಪೋಸ್ಟ್ ಕಾರ್ಡುಗಳನ್ನು ಕೊಟ್ಟಿದ್ದರು. ಪಂಪು ಕೆಟ್ಟರೆ ಒಂದು ಕಾರ್ಡು ಡಬ್ಬಿಗೆ ಹಾಕಿದರಾಯ್ತು.

ನಮ್ಮ ಆಫೀಸುಗಳಲ್ಲಿ ‘ಟಿಕೆಟ್ ರೇಸ್ ಮಾಡಿ’ ಅಂತೀವಲ್ಲ, ಅದೇ ಇದು. ಮೊದಲ ಹಂತ, ಎರಡನೇ ಹಂತ, ಮೂರನೇ ಹಂತದ ಸಪೋರ್ಟ್ ಕೂಡ ಇದೇ. ಫೋನಿಲ್ಲದ ಹಳ್ಳಿಯಲ್ಲಿ, ಅಂಚೆಯಣ್ಣನನ್ನು ನಂಬಿ ಕಟ್ಟಿದ್ದು. ಪಂಪಿನ ಚೈನನ್ನು ಮೆಚ್ಚೋರು ಬಹಳ ಜನ ಸಿಗ್ತಾರೆ. ನನಗೆ ಈ ಪೋಸ್ಟ್ ಕಾರ್ಡು ಚೈನಿನಷ್ಟೇ ದೊಡ್ಡ ಆವಿಷ್ಕಾರ ಅನ್ಸುತ್ತೆ. ಅದು ಕಣ್ಣಿಗೆ ಕಾಣಲ್ಲ, ಹಾಗಾಗಿ ಯಾರ ವಿಡಿಯೋದಲ್ಲೂ ಬರಲ್ಲ.

ಮೆಕ್ಯಾನಿಕ್ ಅಂದರೆ ಗಂಡಸೇ ಅಂತಾನೂ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಮೂಲಕ ದಲಿತ, ಆದಿವಾಸಿ ಹೆಂಗಸರು ಕೈಪಂಪು ರಿಪೇರಿ ಕಲಿತರು. ಅವರಲ್ಲಿ ಬಹಳ ಜನಕ್ಕೆ ಓದು ಬರಹ ಬರ್ತಿರಲಿಲ್ಲ. ಮೇಲ್ಜಾತಿ ಕೇರಿಯ ಬಾವಿ ಮುಟ್ಟೋಕೂ ಬಿಡದಿದ್ದ ಊರುಗಳಲ್ಲಿ, ಅದೇ ಕೇರಿಯ ಪಂಪು ಬಿಚ್ಚಿ ಜೋಡಿಸೋಕೆ ಇವರನ್ನೇ ಕರೀಬೇಕಾದ ಪರಿಸ್ಥಿತಿ ಬಂತು. ಇದೇ ಮಹಿಳಾ ಸಮಾಖ್ಯಾ ಮೊದಲು ಶುರುವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ನೀರ್ ಸಾಬ್

ಈಗ ನಮ್ಮ ಕರ್ನಾಟಕಕ್ಕೆ ಬರೋಣ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಪುಸ್ತಕಗಳು ಅವರನ್ನು ಪಂಚಾಯತ್ ರಾಜ್ ಕಾನೂನಿಗಾಗಿ ನೆನೆಯುತ್ತವೆ. ಹಳ್ಳಿ ಜನ ನೆನೆಯೋದು ‘ನೀರ್ ಸಾಬ್’ ಅಂತ. ಬರದ ಆ ವರ್ಷಗಳಲ್ಲಿ ಊರೂರಿಗೆ ಬೋರು ಕೊರೆಸಿ ಕೈಪಂಪು ಹಾಕಿಸೋದನ್ನು ಅವರು ಹಟ ಹಿಡಿದು ಮಾಡಿದರು. ರಾಜ್ಯದ ಬಜೆಟ್ಟು, ಬಂಡೆ ಕೊರೆಯೋ ಯಂತ್ರ, ಸೊಲ್ಲಾಪುರದ ಚೈನು ಇರೋ ಪಂಪು ಮೂರೂ ಒಂದೇ ಕಾಲಕ್ಕೆ ಸೇರಿದ್ದರಿಂದ ಅದು ಸಾಧ್ಯವಾಯ್ತು. 1988ರಲ್ಲಿ ಅವರು ತೀರಿಕೊಂಡರು. ಒಬ್ಬ ಮಂತ್ರಿಗೆ ಜನ ಪ್ರೀತಿಯಿಂದ ನೀರಿನ ಹೆಸರಿಡೋದು ಅಂದರೆ ಸಣ್ಣ ಮಾತಲ್ಲ.

ಇದರ ಫಲ ಬರೀ ಹೊರೆ ಕಡಿಮೆ ಆದದ್ದಲ್ಲ. ನಾರುಹುಣ್ಣು ಅಂತ ಒಂದು ರೋಗ ಇತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ, ಅದರಲ್ಲೂ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯವರಾದರೆ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವಾಗ ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರೋವು, ಆ ನೀರು ಕುಡಿದವರ ಮೈಯಲ್ಲಿ ವರ್ಷದೊಳಗೆ ಮೊಳಕ್ಕೂ ಉದ್ದದ ಹುಳು ಬೆಳೆದು ಚರ್ಮ ಸೀಳಿಕೊಂಡು ಹೊರಗೆ ಬರೋದು. ಅದಕ್ಕೆ ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಜನ ಕಾಲಿಟ್ಟು ಇಳಿಯದ ನೀರು ಬೇಕು, ಇಲ್ಲಾ ನೀರು ಸೋಸಿ ಕುಡೀಬೇಕು. ಮನೆಮನೆಗೆ ಹೋಗಿ ಸೋಸೋದು ಕಲಿಸಿದ ಆರೋಗ್ಯ ಕಾರ್ಯಕರ್ತರ ಜೊತೆಗೆ ಕೈಪಂಪೂ ಆ ಸರಪಳಿ ಕಡಿಯಿತು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತ ಅಂತ ಘೋಷಿಸಿತು.

ಚೈನಿಗೆ ಆಗದ ಕೆಲಸ

ಕತೆಯನ್ನು ಇಲ್ಲೇ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಆದರೆ ಅರ್ಧ ಸತ್ಯ ಆಗುತ್ತೆ.

ಮಾರ್ಕ್ 2ಗೂ ಕೊರತೆ ಇತ್ತು. ಒಂದು ಸಣ್ಣ ವಾಷರ್ ಬದಲಾಯಿಸಬೇಕಾದರೂ ಅಷ್ಟೂ ಪೈಪು ಮೇಲೆತ್ತಬೇಕು, ಲಾರಿ ತಂಡಕ್ಕೆ ಕಾಯಬೇಕು. ಅದಕ್ಕೇ 1980ರ ದಶಕದಲ್ಲಿ ಮತ್ತೆ ಕೊಯಮತ್ತೂರಿನ ಬಳಿ ಪ್ರಯೋಗ ನಡೆಸಿ ಮಾರ್ಕ್ 3 ಮಾಡಿದರು. ಪೈಪು ಅಗಲ, ಪಿಸ್ಟನ್ನನ್ನು ಪೈಪಿನೊಳಗಿಂದಲೇ ಎಳೆದು ತೆಗೀಬಹುದು, ಊರಿನವರೇ ರಿಪೇರಿ ಮಾಡ್ಕೋಬಹುದು. ಆದರೆ ಅಗಲದ ಪೈಪಿನ ಬೆಲೆ ಜಾಸ್ತಿ, ಭಾರವೂ ಜಾಸ್ತಿ. ಅದೇ ಪ್ರಯೋಗದಲ್ಲಿ ಚರ್ಮದ ವಾಷರ್ ಬದಲು ನೈಟ್ರೈಲ್ ರಬ್ಬರಿನದ್ದು ಹಾಕಿ ನೋಡಿದರು, ಬಹಳ ಹೆಚ್ಚು ಬಾಳಿಕೆ ಬಂತು. ಹೊಸ ಪಂಪಿಗಿಂತ ಆ ರಬ್ಬರಿನ ತುಂಡಿನಿಂದಲೇ ಹಳೇ ಪಂಪುಗಳಿಗೆ ಆದ ಉಪಕಾರ ದೊಡ್ಡದು.

ದೊಡ್ಡ ಸಮಸ್ಯೆ ಇದ್ದದ್ದು ಪಂಪಿನಲ್ಲಲ್ಲ, ನೆಲದಡಿ. ಕೈಪಂಪಿಗೆ ದಾರಿ ಮಾಡಿಕೊಟ್ಟ ಅದೇ ಡ್ರಿಲ್ಲಿಂಗ್ ಯಂತ್ರದಿಂದ ಆಮೇಲೆ ಲಕ್ಷಗಟ್ಟಲೆ ನೀರಾವರಿ ಬೋರುಗಳನ್ನು ಕೊರೆದರು. ಕೈಯಲ್ಲಿ ದಿನವಿಡೀ ಒತ್ತಿದರೂ ಹತ್ತು ಸಾವಿರ ಲೀಟರು. ಮುಳುಗು ಮೋಟರು ಅದನ್ನು ಒಂದೆರಡು ಗಂಟೆಯಲ್ಲಿ ಎತ್ತಿ ಬಿಸಾಕುತ್ತೆ. ನೀರಿನ ಮಟ್ಟ ಕುಸಿದಾಗ ಮೊದಲು ಒಣಗೋದು ಕೈಪಂಪು, ಅಂದರೆ ಜಮೀನು ಇಲ್ಲದವರ ಪಂಪು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ. ಮಕ್ಕಳ ಹಲ್ಲು ಕಂದಾಗೋದು, ಹಿರಿಯರ ಕೀಲು ಬಿಗಿಯೋದು. ಚೆನ್ನೈನ ಉತ್ತರಕ್ಕಿರೋ ಮೀಂಜೂರಿನಲ್ಲಿ ಅತಿಯಾಗಿ ನೀರೆತ್ತಿದ್ದಕ್ಕೆ ಸಮುದ್ರದ ಉಪ್ಪು ನೀರೇ ನೆಲದೊಳಗೆ ನುಗ್ಗಿತು. 2019ರ ಜೂನ್‌ನಲ್ಲಿ ಚೆನ್ನೈಗೆ ನೀರು ಕೊಡೋ ನಾಲ್ಕೂ ಜಲಾಶಯ ಬತ್ತಿಹೋದಾಗ ಬೀದಿ ತುಂಬಾ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಇಲ್ಲದ ನೀರನ್ನು ಯಾವ ಪಂಪೂ ಎತ್ತಲಾರದು.

ಜುಗಾಡ್‌ಗೆ ನಾವು ಕೊಡಬೇಕಾದ್ದು

ನನಗೆ ಈ ಚರಿತ್ರೆಯಿಂದ ಅನ್ಸಿದ್ದು ಇಷ್ಟು. ಜನರ ಜಾಣತನವನ್ನು ಹೊಗಳೋದು ಸುಲಭ, ಖರ್ಚಿಲ್ಲ. ‘ನಮ್ಮವರು ಇಲ್ಲದ್ದರಲ್ಲೇ ಏನೋ ಮಾಡ್ಕೋತಾರೆ’ ಅನ್ನೋ ಮಾತಿನೊಳಗೆ ‘ಹಾಗಾದರೆ ಅವರಿಗೆ ನಾವೇನೂ ಕೊಡಬೇಕಿಲ್ಲ’ ಅನ್ನೋದೂ ಸದ್ದಿಲ್ಲದೆ ಸೇರಿಕೊಂಡಿರುತ್ತೆ. ಕೊಳಾಯಿಗೆ ಅಡಿ ಪಂಪು ಹಾಕಿಕೊಂಡ ಮನೆಯವರ ಬುದ್ಧಿ ಮೆಚ್ಚೋಣ. ಜೊತೆಗೆ ಪೈಪಿನಲ್ಲಿ ಒತ್ತಡ ಯಾಕಿಲ್ಲ ಅಂತಾನೂ ಕೇಳೋಣ.

ಸೊಲ್ಲಾಪುರದ ಪಂಪಿಗೆ ಸಿಕ್ಕಿದ್ದು ಹೊಗಳಿಕೆಗಿಂತ ದೊಡ್ಡ ಮರ್ಯಾದೆ. ಅದನ್ನು ಅಳೆದರು, ಕಷ್ಟದ ಜಾಗದಲ್ಲಿ ಪರೀಕ್ಷಿಸಿದರು, ನಕ್ಷೆ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು, ಕೆಟ್ಟಾಗ ಬರೋಕೆ ಮೆಕ್ಯಾನಿಕ್ ಇಟ್ಟರು, ಅವನ ಸಂಬಳಕ್ಕೆ ದುಡ್ಡಿಟ್ಟರು. ಒಂದೇ ಒಂದು ಕೆಲಸ ಮಾತ್ರ ಬಿಟ್ಟರು, ಆ ಮೆಕ್ಯಾನಿಕ್ಕಿನ ಹೆಸರು ಬರೆದಿಡೋದು.

ಆ ಕೆಲಸವನ್ನೂ ಆಮೇಲೆ ಕೆಲವರು ಕೈಗೆತ್ತಿಕೊಂಡರು. 1980ರ ದಶಕದ ಕೊನೆಯಲ್ಲಿ ಅಹಮದಾಬಾದಿನ ಪ್ರೊಫೆಸರ್ ಅನಿಲ್ ಗುಪ್ತ ಹನಿ ಬೀ ನೆಟ್‌ವರ್ಕ್ ಶುರುಮಾಡಿದರು. ಯಾರ ಜ್ಞಾನವೋ ಅವರ ಹೆಸರು ಹೇಳಲೇಬೇಕು, ಅವರ ಭಾಷೆಯಲ್ಲೇ ಅದು ಅವರಿಗೆ ಮರಳಬೇಕು ಅನ್ನೋದು ಅದರ ನಿಯಮ. ಅದರ ಕನ್ನಡ ಪತ್ರಿಕೆಯ ಹೆಸರು ‘ಹಿತ್ತಲ ಗಿಡ’. ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆ ಜವಾಬು ಬೇಕಾ? ಅದೇ ಕಾಲಕ್ಕೆ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾಯ್ತು. ಶ್ರೀಪಡ್ರೆಯವರಂಥವರು ರೈತರ ಕೈಗೇ ಲೇಖನಿ ಕೊಟ್ಟರು. ಅಡಿಕೆ ಸುಲಿಯೋ ಉಪಾಯದಿಂದ ಹಿಡಿದು ಮಳೆನೀರು ಇಂಗಿಸೋವರೆಗೆ, ಮಾಡಿದವರ ಹೆಸರು, ಊರು, ಅಳತೆ ಎಲ್ಲ ಅಚ್ಚಾಯ್ತು.

ಹಾಗಾಗಿ ಒಂದು ಸಣ್ಣ ಕೋರಿಕೆ. ಮುಂದಿನ ಸಲ ನಿಮ್ಮ ಊರಲ್ಲಿ ಯಾರಾದರೂ ಒಂದು ಉಪಾಯದ ಸಾಧನ ಮಾಡಿದ್ದು ಕಂಡರೆ, ಅವರು ಒಪ್ಪಿದರೆ, ವಿಡಿಯೋ ಜೊತೆಗೆ ಹೆಸರು ಬರೆದುಕೊಳ್ಳಿ. ಅಳತೆ ತಗೊಳ್ಳಿ. ಯಾವ ಭಾಗ ಮೊದಲು ಸವೆಯುತ್ತೆ ಅಂತ ಕೇಳಿ, ಅವರಿಗೆ ಅದು ಖಂಡಿತ ಗೊತ್ತಿರುತ್ತೆ. ಒಂದು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿ. ಊರ ಬೋರಿಂಗಿನ ಮುಂದೆ ಹೋದರೆ, ತಲೆಯ ಮುಂಭಾಗದಲ್ಲಿ ಒಂದು ಬೋಲ್ಟಿನ ಮುಚ್ಚಳ ಇದೆ. ಮೆಕ್ಯಾನಿಕ್ ಅದನ್ನು ಬಿಚ್ಚುವಾಗ ಇಣುಕಿ ನೋಡಿ. ಚೈನು ಅಲ್ಲೇ ಇರುತ್ತೆ.